ಕಾಫಿಬೀಜ ಇಪ್ಪತ್ತು, ವೋಟು ಇಪ್ಪತ್ತೊಂದು

ಮತಯಂತ್ರ ಹೊತ್ತು ಊರೂರು ತಿರುಗುವವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಜೀಪು ಹತ್ತಿ ಕೂರುತ್ತದೆ. ಚುನಾವಣೆಗೆ ಮೊದಲು ಜನರಿಗೆ ಯಂತ್ರ ತೋರಿಸಿ ನಂಬಿಕೆ ಹುಟ್ಟಿಸುವ ತಾತ್ಕಾಲಿಕ ಕೆಲಸ ನನ್ನದು. ಯಾಕೆ ನನಗೇ ಕೊಟ್ಟರು ಅಂದರೆ, ಮಾತಿನಲ್ಲಿ ನನ್ನನ್ನು ಸೋಲಿಸುವವ ತಾಲೂಕಿನಲ್ಲೇ ಇಲ್ಲ. ಒಬ್ಬರನ್ನು ಬಿಟ್ಟು. ಅವರು ನನ್ನ ದೊಡ್ಡಪ್ಪ. ಕಾಗದದ ಮತಪತ್ರ ಹೋಗಿ ಯಂತ್ರ ಬಂದ ಮೇಲೆ ಅವರು ಒಮ್ಮೆಯೂ ವೋಟು ಹಾಕಿದವರಲ್ಲ. "ಈ ಸಲ ಅವರನ್ನ ಬೂತಿಗೆ ಕರ್ಕೊಂಡು ಬರದಿದ್ರೆ ಮೀಸೆ ಬೋಳಿಸ್ತೇನೆ" ಅಂತ ನಮ್ಮೂರು ಅಮ್ಮತ್ತಿಯ ಪೇಟೆ ನಡುವೆ ನಿಂತು ಹೇಳಿಬಿಟ್ಟೆ. ಹೇಳುವಂಥ ಮೀಸೆಯೇ ಅದು.

ಬಂಡೆ ಮೇಲಿನ ಕಳ್ಳ

ಕಕ್ಕಬೆಯಲ್ಲಿ ಹೋಂಸ್ಟೇ ಯಜಮಾನರೊಬ್ಬರು ಎದ್ದು ನಿಂತರು. "ಎಲ್ಲೋ ಕೂತವನು ಫೋನಿನಲ್ಲೇ ಇದರ ವೋಟು ತಿರುಗಿಸ್ತಾನಂತೆ?"

"ಇದಕ್ಕೆ ಇಂಟರ್‌ನೆಟ್ಟೇ ಇಲ್ಲ ಸಾರ್" ಅಂದೆ, ಎದೆಯುಬ್ಬಿಸಿ. ನಂಬಲಿಲ್ಲ.

ಟೀ ಅಂಗಡಿಯ ಅಜ್ಜಿ ಬಾಯಿ ಹಾಕಿದರು. "ನಿನ್ನ ಹೋಂಸ್ಟೇಗೆ ಬಂದವರು ಫೋನ್ ಮಾಡ್ಲಿಕ್ಕೆ ಎಲ್ಲಿಗೆ ಹೋಗ್ತಾರೆ?"

"ಮೇಲಿನ ಬಂಡೆಗೆ. ಅಲ್ಲಿ ಮಾತ್ರ ನೆಟ್‌ವರ್ಕ್ ಸಿಗೋದು."

"ಹಾಗಾದ್ರೆ ಕಳ್ಳನೂ ಅಲ್ಲಿಗೇ ಹೋಗ್ಬೇಕಲ್ಲ ಮಾರಾಯ. ಜಿಗಣೆಗಳು ಅವನನ್ನ ಫೋನ್ ತೆಗೀಲಿಕ್ಕೆ ಬಿಟ್ರೆ ತಾನೆ!"

ಚೀಟಿ ಕೊಡಣ್ಣ

ಚೆಟ್ಟಳ್ಳಿಯ ಎಸ್ಟೇಟಿನಲ್ಲಿ, ಕೂಲಿಯವರ ಮನೆಗಳ ಲೈನಿನಲ್ಲಿ, ಕಾಫಿಹಣ್ಣು ಕೊಯ್ದು ಬಂದ ಹೆಂಗಸೊಬ್ಬಳು ಗುಂಡಿ ಒತ್ತಿದಳು. ಯಾರಿಗೆ ಒತ್ತಿದ್ದೆಂದು ತೋರಿಸುವ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಂಡು, ಪೆಟ್ಟಿಗೆಯೊಳಗೆ ಬಿತ್ತು. ಆಕೆ ಕೈ ಚಾಚಿದಳು.

"ಕೊಡಣ್ಣ ಚೀಟಿ. ಹಣ್ಣು ತೂಗಿದ್ರೆ ಲೆಕ್ಕ ಬರೆಯೋ ನಮ್ಮ ರೈಟರೇ ಚೀಟಿ ಕೊಡ್ತಾರೆ, ನೀನು ನುಂಗೋದಾ?"

ವೋಟು ಯಾಕೆ ಗುಟ್ಟಾಗಿರಬೇಕು ಅನ್ನುವ ಅರ್ಧ ಗಂಟೆಯ ಭಾಷಣಕ್ಕೆ ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಇನ್ನೊಬ್ಬಳು ಕೂಗಿದಳು. "ಬೇಡ ಕಣೇ! ಚೀಟಿ ಕೈಗೆ ಬಂದ್ರೆ ಬಿರಿಯಾನಿ ಕೊಟ್ಟವನು ತೋರ್ಸು ಅಂತ ಬರ್ತಾನೆ. ಹೀಗಿದ್ರೆ ಮೂರೂ ಪಾರ್ಟಿದು ತಿನ್ಬಹುದು!"



ದೊಡ್ಡಪ್ಪನ ಲೋಟ

ಕೊನೆಗೆ ಯಂತ್ರವನ್ನು ನಮ್ಮ ಅಂಗಳಕ್ಕೇ ತಂದೆ. ಎಣಿಕೆ ಸೊನ್ನೆಯಲ್ಲಿರುವುದನ್ನು ಎಲ್ಲರಿಗೂ ತೋರಿಸಿದೆ. "ನೋಡಿ, ಹೀಗೆ ಒತ್ತೋದು" ಅಂತ ಗತ್ತಿನಲ್ಲಿ ಕಲಿಸಿಕೊಟ್ಟೆ. ಊರಿನ ಇಪ್ಪತ್ತು ಜನ ಸಾಲಾಗಿ ಬಂದು ಒತ್ತಿದರು. ದೊಡ್ಡಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಒಬ್ಬರು ಒತ್ತಿ ಸರಿದಂತೆ ಒಂದೊಂದು ಕಾಫಿಬೀಜ ಲೋಟಕ್ಕೆ ಹಾಕಿದರು.

ಲೋಟದಲ್ಲಿ ಇಪ್ಪತ್ತು. ಯಂತ್ರದಲ್ಲಿ ಇಪ್ಪತ್ತೊಂದು. ಪೆಟ್ಟಿಗೆ ತೆರೆದು ಚೀಟಿ ಎಣಿಸಿದರೆ ಅಲ್ಲೂ ಇಪ್ಪತ್ತೊಂದು!

"ಕಂಡ್ಯಾ?" ಅಂದರು ದೊಡ್ಡಪ್ಪ. "ಪೆಟ್ಟಿಗೆಯೂ ಯಂತ್ರವೂ ಒಳಗೊಳಗೇ ಮಾತಾಡಿಕೊಂಡಿವೆ."

ನನ್ನ ಕೈ ತಾನಾಗಿ ಮೀಸೆಗೆ ಹೋಯಿತು. ಆಗ ದೊಡ್ಡಮ್ಮ ಬಾಗಿಲಿನಿಂದಲೇ ಕೇಳಿದರು. "ಮೊದಲು ಇವನೇ ಒಂದು ಒತ್ತಿ ತೋರಿಸಿದ್ನಲ್ಲ. ಅದನ್ನ ಯಾರು ಅಳಿಸಿದ್ರು?"

ಯಾರೂ ಅಳಿಸಿರಲಿಲ್ಲ. ಅಳಿಸಬೇಕಾದವನು ನಾನೇ.

ದೊಡ್ಡಪ್ಪ ಹೊಟ್ಟೆ ಕುಣಿಯುವಷ್ಟು ನಕ್ಕು, ಲೋಟಕ್ಕೆ ಇನ್ನೊಂದು ಬೀಜ ಹಾಕಿದರು. "ಯಂತ್ರ ಸರಿ ಇದೆ ಮಾರಾಯ, ತಂದವನ ಕಳ್ಳ ವೋಟನ್ನೂ ಬಿಡದೆ ಎಣಿಸಿದೆ. ಈ ಸಲ ವೋಟು ಹಾಕ್ತೇನೆ. ಆದ್ರೆ ನಾನು ಹಾಕಿ ಬರುವವರೆಗೆ ನೀನು ಮನೆ ಬಿಟ್ಟು ಹೊರಡಬಾರದು."

ಹಾಗೆಯೇ ಆಯಿತು. ದೊಡ್ಡಪ್ಪ ಬೂತಿಗೆ ಹೋದರು, ಕರೆದುಕೊಂಡು ಹೋದದ್ದು ದೊಡ್ಡಮ್ಮ. ಈಗ ನನ್ನ ಮೀಸೆ ಉಳಿಯಬೇಕೋ ಹೋಗಬೇಕೋ ಅಂತ ಅಮ್ಮತ್ತಿಯಲ್ಲಿ ಜಗಳ. ವೋಟಿಗೆ ಹಾಕೋಣ ಅನ್ನುತ್ತಿದ್ದಾರೆ. ಯಂತ್ರ ಮಾತ್ರ ನಾನು ತರಬಾರದಂತೆ.