ಕರಿಹಲಗೆಯ ಮೇಲೆ ಬಂದ ಕಾಲುವೆ ನೀರು

ನಾಳೆಯ ಬಗ್ಗೆ ಖಚಿತವಾಗಿ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಗೌರವ, ಜೊತೆಗೆ ಸ್ವಲ್ಪ ಭಯ. ನಮ್ಮ ಮನೆಯಲ್ಲಿ ಅಂಥವರು ಯಾರೂ ಇರಲಿಲ್ಲ. ಹಬ್ಬದ ಹೋಳಿಗೆಯಿಂದ ಹಿಡಿದು ನನ್ನ ಮದುವೆಯವರೆಗೆ ಯಾವ ಮಾತು ಬಂದರೂ ನನ್ನ ತಾಯಿ "ನೋಡೋಣಂತ" ಎಂದು ಭವಿಷ್ಯವನ್ನು ಮಡಚಿ ಒಳಗಿಡುತ್ತಾಳೆ. ತಂದೆ ಯಾದಗಿರಿಯಲ್ಲಿ ನೀರಾವರಿಯ ಒಂದು ಕಚೇರಿಯ ಗುಮಾಸ್ತರು. ಮೇಲಿನಿಂದ ಕಾಗದ ಬಾರದ ಹೊರತು ನಾಳೆ ಸೂರ್ಯ ಹುಟ್ಟುತ್ತಾನೆಂದೂ ಹೇಳುವವರಲ್ಲ. ಇಂಥ ಮನೆಯ ನಾನು ಇಂಗ್ಲಿಷಿನಲ್ಲಿ ಎಂ.ಎ. ಮಾಡಿ, ಶಹಾಪುರದ ಅಂಚಿನ ಒಂದು ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಗೆ ಭವಿಷ್ಯತ್ ಕಾಲವನ್ನು ಕಲಿಸಲು ನಿಂತೆ. ಆ ಪಾಠದಿಂದ ಆದ ಅನಾಹುತವನ್ನು ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ಹೇಳುವ ಅಗತ್ಯವೂ ಬಿದ್ದಿರಲಿಲ್ಲ. ಶಹಾಪುರದಲ್ಲಿ ಎಲ್ಲರಿಗೂ ಅದು ನನಗಿಂತ ಮೊದಲೇ ಗೊತ್ತಿತ್ತು.

ಇಂಗ್ಲಿಷಿನವರು ನಾಳೆಯನ್ನು ಒಂದೇ ಬಾಗಿಲಿನಿಂದ ಪ್ರವೇಶಿಸುವುದಿಲ್ಲ. ಮಾತು ಕೊಡುವುದಕ್ಕೆ ಅವರ ಹತ್ತಿರ 'ವಿಲ್' ಇದೆ. ಮನಸ್ಸಿನಲ್ಲಿ ಮೊದಲೇ ನಿರ್ಧರಿಸಿದ್ದರೆ 'ಗೋಯಿಂಗ್ ಟು' ಎನ್ನುತ್ತಾರೆ. ಇನ್ನೊಬ್ಬರ ಜೊತೆ ಗೊತ್ತುಮಾಡಿಕೊಂಡ ಕೆಲಸವಾದರೆ, ಅದು ಈಗಲೇ ನಡೆಯುತ್ತಿದೆ ಎನ್ನುವಂತೆ ಹೇಳುತ್ತಾರೆ. ಇನ್ನು ವೇಳಾಪಟ್ಟಿಯಲ್ಲಿ ಅಚ್ಚಾಗಿರುವ ಸಂಗತಿಗಳಿಗೆ, ಅಂದರೆ ರೈಲು, ಹಡಗು, ಪರೀಕ್ಷೆಗಳಿಗೆ, ಭವಿಷ್ಯವೇ ಬೇಡ. ಸಾದಾ ವರ್ತಮಾನವೇ ಸಾಕು. 'ಟ್ರೇನ್ ಲೀವ್ಸ್ ಅಟ್ ಫೋರ್.' ಎಂಥ ನೆಮ್ಮದಿಯ ವಾಕ್ಯ! ಯಾದಗಿರಿ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಮುಂಬೈ ಕಡೆಯಿಂದ ಬರಬೇಕಾದ ಗಾಡಿಗೆ ಕಾದು ಕಾದು ಬೆಳೆದ ನನಗೆ, ನಾಲ್ಕಕ್ಕೆ ಅಂದರೆ ನಾಲ್ಕಕ್ಕೇ ಹೊರಡುವ ಗಾಡಿಗಳಿರುವ ಒಂದು ಲೋಕ ಎಲ್ಲೋ ಇದೆ ಎಂದು ಅನ್ನಿಸಿ, ಆ ನಿಯಮವನ್ನು ಓದುವಾಗಲೆಲ್ಲ ಕಣ್ಣು ಮಂಜಾಗುತ್ತಿತ್ತು. ಇದನ್ನು ಎಂ.ಎ.ಯ ಗೆಳತಿಯರಿಗೆ ಹೇಳಲಿಲ್ಲ. ವ್ಯಾಕರಣ ಓದಿ ಕಣ್ಣು ಮಂಜು ಮಾಡಿಕೊಳ್ಳುವವಳ ಬಗ್ಗೆ ಜನ ಏನೆಂದುಕೊಳ್ಳುತ್ತಾರೆಂಬುದು ನನಗೆ ಗೊತ್ತಿದೆ.

ಪಾಠದ ದಿನ ಸೋಮವಾರ. ಪುಸ್ತಕದಲ್ಲಿ ಹಡಗಿನ ಉದಾಹರಣೆ ಇತ್ತು. ನನ್ನ ಮಕ್ಕಳಲ್ಲಿ ಹಡಗು ಕಂಡವರಿಲ್ಲ. ಅವರು ಕಂಡದ್ದು ಭೀಮಾ ನದಿಯ ಹರಗೋಲು, ಅದಕ್ಕೆ ವೇಳಾಪಟ್ಟಿ ಇಲ್ಲ. ಬೇರೆ ಉದಾಹರಣೆ ಹುಡುಕುತ್ತ ಕಿಟಕಿಯಾಚೆ ನೋಡಿದೆ. ಅಲ್ಲಿ ಕಾಲುವೆ ಒಣಗಿ ಬಿದ್ದಿತ್ತು. ಬೇಸಿಗೆಗೆ ನಿಲ್ಲಿಸಿದ ನೀರನ್ನು ಮತ್ತೆ ಬಿಡುವ ದಿನ ಇನ್ನೂ ಗೊತ್ತಾಗಿರಲಿಲ್ಲ. ಶಹಾಪುರದಿಂದ ಸುರಪುರದವರೆಗೆ ಪ್ರತಿ ಚಹಾದಂಗಡಿಯಲ್ಲೂ ಅದೇ ಮಾತು. ನಾನು ಚಿಕ್ಕವಳಿದ್ದಾಗ ಈ ಕಾಲುವೆಗೆ ಮೊದಲ ನೀರು ಬಂದದ್ದನ್ನು ತಂದೆಯ ಹೆಗಲ ಮೇಲೆ ಕೂತು ನೋಡಿದ್ದೆ. ನೀರು ಬಂತು ಎಂದರೆ ಧೋ ಎಂದು ಬಂದದ್ದಲ್ಲ. ಒಣ ಎಲೆ, ಕಡ್ಡಿ, ನೊರೆಗಳನ್ನು ಮುಂದೆ ತಳ್ಳಿಕೊಂಡು, ದಾರಿ ಗೊತ್ತಿಲ್ಲದ ನೆಂಟರ ಹಾಗೆ ಆಚೆ ಈಚೆ ನೋಡುತ್ತ ಮೆಲ್ಲಗೆ ಬಂದಿತ್ತು. ಅದರ ಪಕ್ಕದಲ್ಲೇ ಜನ ನಡೆಯುತ್ತ ಬಂದರು. ಆ ನೆನಪಿನಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ತಿರುಗಿದಾಗ ನನ್ನ ಕೈ ಹಲಗೆಯ ಮೇಲೆ ಬರೆದು ಮುಗಿಸಿತ್ತು: 'ದ ಕೆನಾಲ್ ವಾಟರ್ ಕಮ್ಸ್ ಆನ್ ಥರ್ಸ್‌ಡೇ.' ಕಾಲುವೆ ನೀರು ಗುರುವಾರ ಬರುತ್ತದೆ.

ಬರೆದು ಸುಮ್ಮನಿದ್ದರೂ ಆಗುತ್ತಿತ್ತು. ಬಾಯಿಬಿಟ್ಟು ವಿವರಿಸಿದೆ: ಹೀಗೆ ಬರೆದರೆ ಸಂಶಯಕ್ಕೆ ಎಡೆಯಿಲ್ಲವೆಂದು ಅರ್ಥ, ಎಲ್ಲ ಗೊತ್ತಾಗಿಹೋಗಿದೆ, ದಿನ ನಿಗದಿಯಾಗಿದೆ. ಎಂದೂ ಇಲ್ಲದ ಹಾಗೆ ನಲವತ್ತು ತಲೆಗಳು ಒಟ್ಟಿಗೆ ಬಗ್ಗಿ ಆ ವಾಕ್ಯವನ್ನು ಬರೆದುಕೊಂಡವು. ಹಿಂದಿನ ಬೆಂಚಿನಲ್ಲಿ ದಿನವೂ ತೂಕಡಿಸುವವರು ಪಕ್ಕದವರ ಪೆನ್ನು ಇಸಿದುಕೊಂಡು ಬರೆದರು. ಕೊನೆಗೂ ನನಗೆ ಪಾಠ ಮಾಡಲು ಬಂತು ಎಂಬ ಸಂತೋಷದಲ್ಲಿ ಅಂದು ಮನೆಗೆ ಹೋಗುವಾಗ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಮಂಗಳವಾರ ಸಂಜೆ ನನ್ನ ಬಾಡಿಗೆ ಕೋಣೆಯ ಬಾಗಿಲಿಗೆ ಸಾಬವ್ವ ಬಂದಳು. ನನ್ನ ವಿದ್ಯಾರ್ಥಿನಿ ಭೀಮಬಾಯಿಯ ತಾಯಿ. ವನದುರ್ಗದ ಕಡೆ, ಕಾಲುವೆಯ ಕಟ್ಟಕಡೆಯ ತುದಿಯಲ್ಲಿ ಆಕೆಗೆ ಎರಡೆಕರೆ ಇದೆ. ಕೈಯಲ್ಲಿ ಸೂಡು ಕಟ್ಟಿದ ಪುಂಡಿಪಲ್ಯದ ಹುಳಿಸೊಪ್ಪು ಹಿಡಿದಿದ್ದಳು. ಉಪಕಾರ ಮರೆಯುವುದಿಲ್ಲ ಎಂದಳು. ಯಾವ ಉಪಕಾರ ಎಂದು ಕೇಳಿದೆ. ನಾಟಿಯ ಹೆಂಗಸರು ಹತ್ತು ಮಂದಿಗೆ ಶುಕ್ರವಾರಕ್ಕೆ ಹೇಳಿಟ್ಟು ಬಂದಿದ್ದಾಳಂತೆ. ಗುರುವಾರ ಮಧ್ಯಾಹ್ನವೇ ಸಸಿ ಕೀಳುತ್ತಾಳಂತೆ. ಭತ್ತದ ಆ ಸಸಿಯನ್ನು ಆಕೆ ತಿಂಗಳಿಡೀ ಊರ ಬಾವಿಯಿಂದ ಕೊಡ ಹೊತ್ತು ಬೆಳೆಸಿದ್ದು. ಕಿತ್ತ ಸಸಿ ಎರಡು ದಿನ ತಡೆಯುತ್ತದೆ, ಆಮೇಲೆ ದನಕ್ಕೆ ಹಾಕಬೇಕು. ನಾಟಿಯ ಗುಂಪು ಹೇಳಿದ ದಿನ ತಪ್ಪಿದರೆ ಇನ್ನೊಬ್ಬರ ಗದ್ದೆಗೆ ಹೋಗುತ್ತದೆ, ಮತ್ತೆ ಅದರ ಸರದಿ ಬರುವುದು ಹದಿನೈದು ದಿನಕ್ಕೆ. ಕೇಳುತ್ತ ಕೇಳುತ್ತ, ಆಕೆ ನನ್ನ ಕೈಗಿತ್ತಿದ್ದ ಪುಂಡಿಪಲ್ಯವನ್ನು ಆಕೆಗೇ ತಿರುಗಿ ಕೊಡಲು ಹೋದೆ.

"ಅದು ಬರೇ ಉದಾಹರಣಿ ಸಾಬವ್ವ. ಪಾಠಕ್ಕಂತ ಬರದದ್ದು. ನನಗ ಏನೂ ಗೊತ್ತಿಲ್ಲ" ಎಂದೆ.

ಆಕೆ ನಕ್ಕು, ಸುತ್ತ ನೋಡಿ, ದನಿ ತಗ್ಗಿಸಿದಳು. "ತಿಳೀತ್ರಿ ಟೀಚರ್. ನಿಮ್ಮ ಹೆಸರು ಎಲ್ಲೂ ಹೇಳಂಗಿಲ್ಲ ತಗೋರಿ. ಅಪ್ಪಾರ ನೌಕರಿ ಪ್ರಶ್ನಿ ಅದ."

ತಂದೆ ಎಲ್ಲಿ ಕೆಲಸ ಮಾಡುತ್ತಾರೆಂದು ನಾನು ಶಹಾಪುರದಲ್ಲಿ ಒಬ್ಬರಿಗೂ ಹೇಳಿರಲಿಲ್ಲ. ನನ್ನ ಖಾಸಗಿ ಸಂಗತಿಗಳನ್ನು ನಾನು ಬೀಗ ಹಾಕಿ ಇಡುವವಳು. ಬೀಗ ಇದ್ದದ್ದು ನಿಜ. ಬೀಗದ ಕೈ ಊರಿನ ಹತ್ತಿರ ಇತ್ತೆಂಬುದು ಆಗ ತಿಳಿಯಿತು. ನಾನು ಇಲ್ಲ ಎಂದಷ್ಟೂ ಆಕೆಗೆ ನಂಬಿಕೆ ಗಟ್ಟಿಯಾಗುತ್ತಿತ್ತು. ಗುಟ್ಟು ಗೊತ್ತಿದ್ದವರು ಇಲ್ಲ ಎನ್ನದೆ ಇನ್ನೇನನ್ನುತ್ತಾರೆ?

ಬಸ್‌ಸ್ಟ್ಯಾಂಡಿನ ಎದುರಿನ ಟೆಲಿಫೋನ್ ಬೂತಿನಿಂದ ಮರುದಿನ ಬೆಳಿಗ್ಗೆ ತಂದೆಗೆ ಫೋನು ಮಾಡಿದೆ. ಮೇಲಿನಿಂದ ಆದೇಶ ಬಂದಿಲ್ಲ, ಬಂದ ಮೇಲೆ ಬಂದಿದೆ ಎನ್ನಬಹುದು ಎಂದರು. ಆಮೇಲೆ, "ಆದ್ರ ಗುರುವಾರ ಅಂತ ಸುದ್ದಿ ಅದ. ಶಹಾಪುರದಿಂದ ಬಂದ ಮಂದಿ ಎಲ್ಲಾರೂ ಹಂಗ ಅನ್ನಾಕತ್ತಾರ. ನಿಮ್ಮ ಕಡಿ ಯಾರಿಗರ ಪಕ್ಕಾ ಗೊತ್ತದೇನು, ಜರಾ ಕೇಳು" ಎಂದರು. ನನ್ನ ಸೀಮೆಸುಣ್ಣದಿಂದ ಹೊರಟ ವಾಕ್ಯ ಎರಡು ದಿನದಲ್ಲಿ ಯಾದಗಿರಿ ತಲುಪಿ, ನನ್ನ ತಂದೆಯ ಮೇಜಿನ ಮೇಲೆ ಕೂತಿತ್ತು. ನಾನು ಫೋನು ಇಟ್ಟೆ.

ಬುಧವಾರ ತರಗತಿಯಲ್ಲಿ ಆ ವಾಕ್ಯವನ್ನು ಮತ್ತೆ ಬರೆದು, 'ಕಮ್ಸ್' ಅನ್ನು ಎರಡು ಸಲ ಅಳಿಸಿ, 'ಮೇ ಕಮ್' ಎಂದು ಬರೆದೆ. ಬರಬಹುದು, ಬಾರದೆಯೂ ಇರಬಹುದು ಎಂದು ಮೇಜು ಕುಟ್ಟಿ ಹೇಳಿದೆ. ಮಕ್ಕಳು ನನ್ನನ್ನು ಮರುಕದಿಂದ ನೋಡಿದರು. ಯಾರೂ ಬರೆದುಕೊಳ್ಳಲಿಲ್ಲ. ಭೀಮಬಾಯಿ ಎದ್ದು ನಿಂತು, "ಟೀಚರ್, ನಿಮಗ ಯಾರರ ಬೈದಾರೇನ್ರಿ?" ಎಂದು ಮೆಲ್ಲಗೆ ಕೇಳಿದಳು.

ಗುರುವಾರ ಶಾಲೆಯ ಗಂಟೆ ಹೊಡೆದದ್ದೇ ಕಾಲುವೆಯ ಏರಿಗೆ ಹೋದೆ. ಅಲ್ಲಿ ಆಗಲೇ ಹತ್ತಿಪ್ಪತ್ತು ಮಂದಿ ಕೂತಿದ್ದರು. ನನ್ನನ್ನು ಕಂಡು ಜಾಗ ಮಾಡಿಕೊಟ್ಟರು, ಮದುವೆ ಮನೆಯಲ್ಲಿ ಗಂಡಿನ ಕಡೆಯವರಿಗೆ ಮಾಡಿಕೊಡುವ ಹಾಗೆ. ಕಾಲುವೆಯ ತಳದಲ್ಲಿ ಬಿರುಕು ಬಿಟ್ಟ ಮಣ್ಣು, ಒಂದು ಹರಿದ ಚಪ್ಪಲಿ, ಏನನ್ನೋ ಮರೆತು ನಿಂತ ಹಾಗಿದ್ದ ಒಂದು ಬೆಳ್ಳಕ್ಕಿ. ಇಳಿಬಿಸಿಲು ಆ ಒಣ ತಳದ ಮೇಲೆ ಎಷ್ಟು ದೂರ ಬಿದ್ದಿತ್ತೆಂದರೆ, ಕಣ್ಣು ಅರ್ಧ ಮುಚ್ಚಿದರೆ ಅದೇ ನೀರಾಗಿ ಮಿನುಗುತ್ತಿತ್ತು. ನಾನು ಅರ್ಧ ಮುಚ್ಚಿ ನೋಡುತ್ತ ಕೂತೆ. ನೀರು ತುಂಬಿತು, ಸಾಬವ್ವನ ಗದ್ದೆಗೆ ಹರಿಯಿತು, ಸಸಿಗಳು ನೇರ ನಿಂತವು. ಕಣ್ಣು ಪೂರ್ತಿ ತೆರೆದಾಗ ಬೆಳ್ಳಕ್ಕಿ ಚಪ್ಪಲಿಯನ್ನು ಕುಕ್ಕುತ್ತಿತ್ತು. ಆಗ ಎದ್ದೆ. ಕೂತು ಕನಸು ಕಂಡದ್ದಕ್ಕೇ ಇಷ್ಟೆಲ್ಲ ಆಗಿದೆ, ಮತ್ತೆ ಅದನ್ನೇ ಮಾಡುತ್ತಿದ್ದೇನಲ್ಲ ಎಂದುಕೊಂಡು ಟಂಟಂ ಆಟೊ ಹತ್ತಿ ಸಾಬವ್ವನ ಹೊಲಕ್ಕೆ ಹೋದೆ.

ಆಕೆ ಸಸಿಮಡಿಯನ್ನು ಬಹುತೇಕ ಕಿತ್ತಾಗಿತ್ತು. ಹಸಿರು ಸೂಡುಗಳು ಬದುವಿನ ಮೇಲೆ ಸಾಲಾಗಿ ಮಲಗಿದ್ದವು. ಕೈ ನಿಲ್ಲಿಸಲು ಹೇಳಿದೆ. ನನಗೆ ತಂದೆಯಿಂದ ಯಾವ ಸುದ್ದಿಯೂ ಬಂದಿರಲಿಲ್ಲ, ನೀರು ಬರಲಿ ಎಂಬ ಆಸೆ ಇತ್ತು, ಆಸೆಯನ್ನೇ ಬರೆದುಬಿಟ್ಟೆ ಎಂದೆ. ಈ ಸಲ ಆಕೆ ನಂಬಿದಳು. ಮುಖ ನೋಡಿಯೇ ತಿಳಿದಿರಬೇಕು. ಕಿತ್ತ ಸೂಡುಗಳನ್ನೊಮ್ಮೆ ನೋಡಿದಳು, ನನ್ನನ್ನು ನೋಡಿದಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಆಸಿ ನನಗೂ ಇತ್ತಲ್ರಿ" ಎಂದಳು ಕೊನೆಗೆ. "ನೀವು ಬೋರ್ಡಿನ ಮ್ಯಾಲ ಬರದ್ರಿ, ನಾ ಕಿತ್ತೆ. ಈಗ ನಿಂತು ಏನ್ ಮಾಡ್ತೀರಿ, ಸೂಡು ಹೊರ್ರಿ."

ಹೊಲದ ತಗ್ಗಿನಲ್ಲಿ ಎಮ್ಮೆ ಮೈತೊಳೆಯುವ ಒಂದು ಹೊಂಡವಿದೆ. ಮೊಣಕಾಲಿನಷ್ಟು ಕೆಸರುನೀರು ಉಳಿದಿತ್ತು. ಕತ್ತಲಾಗುವುದರೊಳಗೆ ಸೂಡುಗಳನ್ನೆಲ್ಲ ಹೊತ್ತು, ಬೇರು ಮುಳುಗುವ ಹಾಗೆ ಅದರಲ್ಲಿ ನಿಲ್ಲಿಸಿದೆವು. ಎಮ್ಮೆಗೆ ಈ ಏರ್ಪಾಡು ಒಪ್ಪಿಗೆಯಾಗಲಿಲ್ಲ. ಭೀಮಬಾಯಿ ಅದನ್ನು ಹಿಡಿದು ನಿಂತಳು. ನನ್ನ ಇಸ್ತ್ರಿ ಮಾಡಿದ ಸೀರೆಯನ್ನು ಸೊಂಟಕ್ಕೆ ಹೇಗೆ ಸಿಕ್ಕಿಸಬೇಕೆಂದು ಸಾಬವ್ವ ಎರಡು ಸಲ ತೋರಿಸಿಕೊಟ್ಟಳು. ಶುಕ್ರವಾರ ನಾಟಿಯ ಗುಂಪು ಬಂದು, ಒಣಗದ್ದೆಯನ್ನು ನೋಡಿ, ಹತ್ತೂ ಮಂದಿ ಹತ್ತು ಮಾತು ಆಡಿ, ಸುರಪುರದ ಹಾದಿಯಲ್ಲಿದ್ದ ಬಾವಿಯ ಗದ್ದೆಯೊಂದಕ್ಕೆ ಹೋಯಿತು.

ನೀರು ಬಿಟ್ಟದ್ದು ಶನಿವಾರ. ಸಾಬವ್ವನ ತುದಿಗೆ ಅದು ತಲುಪಿದ್ದು ಭಾನುವಾರ ಬೆಳಿಗ್ಗೆ. ಹೊಂಡದ ಸೂಡುಗಳಲ್ಲಿ ಕಾಲುಭಾಗ ಹಳದಿಯಾಗಿ ಎಮ್ಮೆಯ ಪಾಲಾಗಿತ್ತು. ಉಳಿದವು ಇನ್ನೂ ತಲೆ ಎತ್ತಿಕೊಂಡಿದ್ದವು. ನೆಡುವ ಕೈಗಳು ಮಾತ್ರ ಇರಲಿಲ್ಲ. ಸಾಬವ್ವ, ಭೀಮಬಾಯಿ, ಆಕೆಯ ಇಬ್ಬರು ಚಿಕ್ಕಮ್ಮಂದಿರು, ಒಬ್ಬ ಮುದಿ ಅಜ್ಜಿ, ಮತ್ತು ಕೇಳದೆಯೇ ಬಂದು ನಿಂತ ನಾನು. ನೆಡುವುದು ಸುಲಭ ಎಂದು ನನ್ನ ಅಂದಾಜು. ಮೂರು ಸಸಿ, ಎರಡು ಬೆರಳು, ಒಂದು ತಳ್ಳು. ನಾನು ಎಲ್ಲದರಲ್ಲೂ ಅಚ್ಚುಕಟ್ಟು. ಸಸಿಯಿಂದ ಸಸಿಗೆ ಒಂದೇ ಗೇಣು, ಸಾಲು ದಾರ ಹಿಡಿದ ಹಾಗೆ. ಅಜ್ಜಿ ನಾಲ್ಕು ಸಾಲು ಮುಗಿಸುವಷ್ಟರಲ್ಲಿ ನನ್ನದು ಅರ್ಧ ಸಾಲು. ಮಧ್ಯಾಹ್ನ ಸೊಂಟ ನೇರ ಮಾಡಲೆಂದು ಎದ್ದು ಹಿಂದೆ ನೋಡಿದೆ. ನಾನು ನೆಟ್ಟ ಸಸಿಗಳು ಒಂದೊಂದಾಗಿ ಮಣ್ಣಿನಿಂದ ಕಳಚಿಕೊಂಡು ತೇಲುತ್ತಿದ್ದವು. ಸಾಬವ್ವ ನನ್ನ ಹಿಂದೆ ಹಿಂದೆಯೇ ಬಂದು, ಅವನ್ನು ಹಿಡಿದು, ಮತ್ತೆ ನೆಡುತ್ತಿದ್ದಳು. ತಪ್ಪು ತಿದ್ದುವುದು ನನ್ನ ವೃತ್ತಿ. ಕೆಂಪು ಮಸಿಯಿಲ್ಲದೆ, ತಪ್ಪು ಮಾಡಿದವರಿಗೆ ಗೊತ್ತಾಗದ ಹಾಗೆ ತಿದ್ದಬಹುದೆಂದು ಅಂದು ಕಂಡೆ. ಕಂಡರೂ ಕಾಣದವಳ ಹಾಗೆ ಮತ್ತೆ ಬಗ್ಗಿದೆ.

ಎರಡೆಕರೆಯಲ್ಲಿ ಒಂದೂವರೆ ಎಕರೆ ನೆಟ್ಟೆವು. ಸಸಿ ಸಾಲದೆ ಉಳಿದ ಮೂಲೆಗೆ ಸಾಬವ್ವ ಏನನ್ನೂ ಹಾಕಲಿಲ್ಲ. ಆ ಖಾಲಿ ಮೂಲೆಯ ಬಗ್ಗೆ ನನ್ನೆದುರು ಮಾತೂ ಎತ್ತಲಿಲ್ಲ. ಸುಗ್ಗಿಯ ಹೊತ್ತಿಗೆ ಮತ್ತೊಮ್ಮೆ ಆ ಕಡೆ ಹೋದಾಗ ಗದ್ದೆ ಹೊನ್ನಿನ ಬಣ್ಣಕ್ಕೆ ತಿರುಗಿ ಗಾಳಿಗೆ ತೂಗುತ್ತಿತ್ತು. ನಾನು ನೆಟ್ಟದ್ದು ಯಾವುದು ಎಂದು ಕೇಳದಿರಲು ಆಗಲಿಲ್ಲ. ಸಾಬವ್ವ ಸುತ್ತೆಲ್ಲ ಕಣ್ಣಾಡಿಸಿ, ತೆನೆ ಎಲ್ಲಕ್ಕಿಂತ ತುಂಬಿ ಬಾಗಿದ್ದ ಒಂದು ಕಡೆ ಕೈ ತೋರಿಸಿದಳು. ಅದು ಬದುವಿನ ಆಚೆಗಿನ, ಪಕ್ಕದವರ ಗದ್ದೆ. ಅಷ್ಟಾದರೂ ನನಗೆ ಗೊತ್ತಾಗುತ್ತದೆ. ಆದರೂ ಹೋಗಿ ಆ ತೆನೆಗಳ ಮೇಲೆ ಕೈಯಾಡಿಸಿ, ಬಹಳ ಹೊತ್ತು ಹೆಮ್ಮೆಯಿಂದ ನಿಂತಿದ್ದೆ.