ರೊಟ್ಟಿ ಬಡಿಯುವ ಕೈಯ ನೇಫಾ ಬಿಚ್ಚುವ ಕುರಿತು

ಹೆಸರು ಇನ್ನೂ ಮಂಜೂರಾಗದ ಇಲಾಖೆ
ಊಟದ ಮನೆ ಮತ್ತು ಹಾಜರಾತಿ ಶಾಖೆ, ಶಹಾಪುರ

ಸಂಖ್ಯೆ: ಹೆಮಇ/ರೊಟ್ಟಿ/ಬಲಗೈ/07

ವಿಷಯ: ಅಡುಗೆ ಸಿಬ್ಬಂದಿ ಹಜರಾಬೀ ಇವರ ಬಲ ಮಣಿಕಟ್ಟಿನಲ್ಲಿ ಹೆಬ್ಬೆಟ್ಟಿನ ಕಡೆಯ ನೋವು, ಅದಕ್ಕೆ ಶಸ್ತ್ರಚಿಕಿತ್ಸೆ, ಶಸ್ತ್ರಚಿಕಿತ್ಸೆಗೆ ರಜೆ, ರಜೆಗೆ ಹೆಬ್ಬೆಟ್ಟು.

ಉಲ್ಲೇಖ: 1. ಹಜರಾಬೀ ಇವರ ಬಾಯಿಮಾತಿನ ಅರ್ಜಿ: "ಸಾಹೇಬ್ರ, ಕೈ ಉಳೀಬೇಕಂದ್ರ ರಜಾ ಕೊಡ್ರಿ."
2. ಗುಮಾಸ್ತ ಅಂಬ್ರಪ್ಪ ಇವರ ಟಿಪ್ಪಣಿ: "ರೊಟ್ಟಿ ಯಾರು ಬಡೀತಾರ?"

ಪ್ರಸ್ತಾವನೆ: ಈ ಕಚೇರಿಯ ಊಟದ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುವ ಹಜರಾಬೀ ಇವರಿಗೆ ಚಹಾದ ಕಪ್ಪು ಎತ್ತಿದರೂ ಮಣಿಕಟ್ಟು ಚಳಕ್ಕೆನ್ನುತ್ತಿರುವುದು ಮೇಲಧಿಕಾರಿಗಳ ಗಮನಕ್ಕೆ ಬಂದಿರುತ್ತದೆ. ರೊಟ್ಟಿ ದಪ್ಪಗಾದ ಮೇಲೆಯೇ ಬಂದಿರುತ್ತದೆ. ಪಟ್ಟಿ ಕಟ್ಟಿಸಿ, ಸೂಜಿ ಮಾಡಿಸಿಯೂ ಗುಣವಾಗದ ಕಾರಣ ಬರುವ ಗುರುವಾರ ಯಾದಗಿರಿಯಲ್ಲಿ ಸಣ್ಣ ಶಸ್ತ್ರಚಿಕಿತ್ಸೆ ಮಾಡುವುದಾಗಿ ವೈದ್ಯರು ತಿಳಿಸಿರುತ್ತಾರೆ. ಗುರುವಾರ ತಪ್ಪಿದರೆ ಮುಂದಿನ ಸರದಿ ಯಾವಾಗ ಬರುತ್ತದೋ ಯಾರಿಗೂ ತಿಳಿದಿರುವುದಿಲ್ಲ. ಆದ್ದರಿಂದ ಎಲ್ಲ ಸಿಬ್ಬಂದಿಗೂ ಅನ್ವಯವಾಗುವಂತೆ ಈ ಕೆಳಕಂಡ ಕಂಡಿಕೆಗಳನ್ನು ಹೊರಡಿಸಲಾಗಿದೆ.

1. ನೋಯುತ್ತದೆ ಎಂದ ಮಾತ್ರಕ್ಕೆ ಅದನ್ನು ನೋವೆಂದು ಪರಿಗಣಿಸತಕ್ಕದ್ದಲ್ಲ. ಹೆಬ್ಬೆಟ್ಟನ್ನು ಅಂಗೈಯೊಳಗೆ ಮಡಚಿ, ಉಳಿದ ಬೆರಳುಗಳಿಂದ ಮುಚ್ಚಿ, ಮುಷ್ಟಿಯನ್ನು ಕಿರುಬೆರಳಿನ ಕಡೆಗೆ ಬಾಗಿಸತಕ್ಕದ್ದು. ಆಗ ಹೊರಡುವ "ಯವ್ವಾ" ಅಥವಾ "ಯಾ ಅಲ್ಲಾ" ಎಂಬ ಉದ್ಗಾರವು ಗುಮಾಸ್ತರ ಮೇಜಿನವರೆಗೆ ಕೇಳಿಸತಕ್ಕದ್ದು. ಗುಮಾಸ್ತರ ಮಧ್ಯಾಹ್ನದ ನಿದ್ದೆ ಕೆಡುವಷ್ಟು ಕೇಳಿಸಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.

2. "ನರ ಕತ್ತರಿಸಿದ್ರ ಕೈ ಬೀಳ್ತದೇನ್ರಿ ಡಾಕ್ಟರ್?" ಎಂದು ಹಜರಾಬೀ ಅಂಜಿ ಕೇಳಲಾಗಿ, ವೈದ್ಯರು "ಇಲ್ಲಬೇ ಅಮ್ಮಾ, ಇಜಾರದ ಲಾಡಿ ನೇಫಾದಾಗ ಸಿಕ್ಕೊಂಡಂಗ ಆಗ್ಯಾದ. ನೇಫಾ ಬಿಚ್ತೀವಿ, ಲಾಡಿ ಕತ್ತರಸಂಗಿಲ್ಲ" ಎಂದಿರುತ್ತಾರೆ. ಅಂದರೆ, ಇಜಾರದ ಸೊಂಟದ ಮಡಿಕೆಯಾದ ನೇಫಾದಲ್ಲಿ ಲಾಡಿ ಹಾಯುವಂತೆ, ಹೆಬ್ಬೆಟ್ಟನ್ನು ಎಳೆಯುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಬಳಿ ಹಾಯುವ ಕೊಳವೆ ಬಿಗಿದಿರುತ್ತದೆ. ಅಷ್ಟೇ ಜಾಗ ಮರಗಟ್ಟಿಸಿ, ಕೊಳವೆಯ ಮೇಲ್ಪದರ ಸೀಳಿ, ರಜ್ಜುಗಳನ್ನು ಸಡಿಲ ಬಿಟ್ಟು, ಅಂದೇ ಮನೆಗೆ ಕಳಿಸಲಾಗುವುದು.

3. ವೈದ್ಯರ ಈ ಮಾತನ್ನು ಹಜರಾಬೀ ಇವರು ಚಾಚೂ ತಪ್ಪದೆ ಕಚೇರಿಗೆ ಒಪ್ಪಿಸಲಾಗಿ, ಗುಮಾಸ್ತ ಅಂಬ್ರಪ್ಪ ಇವರು ಇಜಾರ, ಲಾಡಿ, ನೇಫಾ ಎಂಬ ಪದಗಳಿಗೆ ಅಡಿಗೆರೆ ಎಳೆದು, ಕಡತವನ್ನು ತಾಂತ್ರಿಕ ಅಭಿಪ್ರಾಯಕ್ಕಾಗಿ ಸುರಪುರದ ದರ್ಜಿ ಮುಜಫರ ಇವರಿಗೆ ಕಳುಹಿಸಿರುತ್ತಾರೆ. ದರ್ಜಿಯವರ ಅಭಿಪ್ರಾಯ: "ಎಲಾಸ್ಟಿಕ್ ಹಾಕಸ್ರಿ, ಕಿರಿಕಿರೀನೇ ಇರಂಗಿಲ್ಲ." ಇದನ್ನು ತಾತ್ವಿಕವಾಗಿ ಒಪ್ಪಿ, ಎಲಾಸ್ಟಿಕ್ ಸರಬರಾಜಾಗುವವರೆಗೆ ಶಸ್ತ್ರಚಿಕಿತ್ಸೆ ಮುಂದೂಡಲು ಸೂಚಿಸಲಾಗಿತ್ತು.

4. ರಜೆ ಅರ್ಜಿಗೆ ಯಂತ್ರದ ಮೇಲೆ ಬಲ ಹೆಬ್ಬೆಟ್ಟು ಒತ್ತುವುದು ಕಡ್ಡಾಯ. ನೋವಿನಿಂದ ಒತ್ತಲಾಗದವರು, ವಾಸಿಯಾದ ಮೇಲೆ ಒತ್ತಿ, ತದನಂತರ ವಾಸಿ ಮಾಡಿಸಿಕೊಳ್ಳಲು ಹೋಗತಕ್ಕದ್ದು. ಎಡ ಹೆಬ್ಬೆಟ್ಟು ಬೇರೆ ಯಾರದೋ ಎಂದು ಯಂತ್ರವು ಭಾವಿಸಿದ್ದು, ಯಂತ್ರದ ಭಾವನೆಗಳಿಗೆ ಧಕ್ಕೆ ತರತಕ್ಕದ್ದಲ್ಲ. "ಎರಡೂ ಕೈಲೆ ನಾದಿದ ರೊಟ್ಟಿ ಅವ್ರಿ. ತಿನ್ನೂ ಮುಂದ ಎಡಗೈ ಯಾರ್ದಂತ ಕೇಳೀರೇನು?" ಎಂದು ಹಜರಾಬೀ ಆಡಿದ ಮಾತನ್ನು ಕಡತದಿಂದ ತೆಗೆದುಹಾಕಲಾಗಿದೆ. ಊಟದ ಮನೆಯಲ್ಲಿ ಅದನ್ನು ಇನ್ನೂ ಆಡಲಾಗುತ್ತಿದೆ.

5. ರಜೆ ಕೋರುವವರು ಬದಲಿ ಕೈ ತೋರಿಸತಕ್ಕದ್ದು. "ರೊಟ್ಟಿ ಬಡಿಯೋದ್ರಾಗ ಏನದ" ಎಂದು ಅಂಬ್ರಪ್ಪ ಇವರೇ ಇನ್ನೊಂದು ಟಿಪ್ಪಣಿಯಲ್ಲಿ ಬರೆದಿದ್ದ ಕಾರಣ, ರೊಟ್ಟಿಯ ಹೆಚ್ಚುವರಿ ಪ್ರಭಾರವನ್ನು ಅವರಿಗೇ ವಹಿಸಲಾಯಿತು. ಹಜರಾಬೀ ಪಕ್ಕದಲ್ಲಿ ನಿಂತು "ಅಣ್ಣಾ, ಅದು ಹಿಟ್ಟದ. ಠಸ್ಸೆ ಹೊಡ್ದಂಗ ಹೊಡೀಬ್ಯಾಡ" ಎಂದು ತಿಳಿಹೇಳಿದರೂ, ವರ್ಷಗಟ್ಟಲೆ ಕಡತಗಳಿಗೆ ಠಸ್ಸೆ ಹೊಡೆದು ಮೊದಲೇ ದಣಿದಿದ್ದ ಅವರ ಮಣಿಕಟ್ಟು ಊದಿಕೊಂಡಿತು. ಕಂಡಿಕೆ 1ರ ಪರೀಕ್ಷೆಯನ್ನು ಅವರಿಗೂ ಮಾಡಲಾಗಿ, ಹೊರಟ ಉದ್ಗಾರಕ್ಕೆ ರಸ್ತೆಯಲ್ಲಿ ಸುರಪುರದ ಬಸ್ಸು ನಿಂತಿರುತ್ತದೆ.

6. ತಮ್ಮ ಕೈಗೆ ಎಲಾಸ್ಟಿಕ್ ಹೊಂದುವುದಿಲ್ಲವೆಂದು ಅಂಬ್ರಪ್ಪ ಇವರು ತುರ್ತು ಅಭಿಪ್ರಾಯ ನೀಡಿದ್ದರಿಂದ ಕಂಡಿಕೆ 3ನ್ನು ಕೈಬಿಡಲಾಗಿದೆ. ಸದರಿಯವರು ಗುರುವಾರ ಯಾದಗಿರಿಗೆ ಹೋಗಿ ಕೈ ತೋರಿಸತಕ್ಕದ್ದು. "ನೀನೂ ಬಾ ಯಕ್ಕಾ, ನಂಗ ಅಂಜಿಕಿ ಬರ್ತದ" ಎಂಬ ಅವರ ಕೋರಿಕೆಯ ಮೇರೆಗೆ ಹಜರಾಬೀ ಇವರನ್ನು ಅಂದು ಧೈರ್ಯ ಹೇಳುವ ಕರ್ತವ್ಯಕ್ಕೆ ನಿಯೋಜಿಸಲಾಗಿದೆ. ಕರ್ತವ್ಯಕ್ಕೆ ರಜೆ ಬೇಕಿಲ್ಲ. ರಜೆ ಬೇಕಿಲ್ಲವಾದ್ದರಿಂದ ಹೆಬ್ಬೆಟ್ಟೂ ಬೇಕಿಲ್ಲ. ಅಲ್ಲಿರುವಾಗ ಹಜರಾಬೀ ಇವರು ತಮ್ಮ ಕೈಯ ನೇಫಾ ಬಿಚ್ಚಿಸಿಕೊಳ್ಳಲು ಈ ಕಚೇರಿಯ ಅಡ್ಡಿ ಇರುವುದಿಲ್ಲ.

7. ಹೊಲಿಗೆ ಬಿಚ್ಚಿ, ಕೈ ಬಲಿಯುವವರೆಗೆ ಹಜರಾಬೀ ಇವರು ಊಟದ ಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂರತಕ್ಕದ್ದು. ರೊಟ್ಟಿಯನ್ನು ಅಧಿಕಾರಿಗಳು ಸೇವಾ ಹಿರಿತನದಂತೆ, ಮೇಲಿನಿಂದ ಆರಂಭಿಸಿ, ಬಡಿಯತಕ್ಕದ್ದು. ಮಣಿಕಟ್ಟು ನೋವೆಂದು ಸರದಿ ತಪ್ಪಿಸುವವರು ಕಂಡಿಕೆ 1ರ ಪರೀಕ್ಷೆಗೆ ಒಳಪಡತಕ್ಕದ್ದು. ಪರೀಕ್ಷೆಯನ್ನು ಹಜರಾಬೀ ಇವರು ತಮ್ಮ ಎಡಗೈಯಿಂದ ನಡೆಸುವರು.

ಸಹಿ ಇರುವುದಿಲ್ಲ
(ಕೈ ಹಿಟ್ಟಾಗಿರುತ್ತದೆ)
ಶಾಖಾಧಿಕಾರಿ

ಪ್ರತಿಗಳು:
1. ದರ್ಜಿ ಮುಜಫರ, ಸುರಪುರ: ಎಲಾಸ್ಟಿಕ್ ವಾಪಸ್ ಒಯ್ಯಲು.
2. ಹೆಬ್ಬೆಟ್ಟಿನ ಯಂತ್ರ: ಎಡಗೈಯೂ ಅದೇ ಮನುಷ್ಯರದು ಎಂಬ ಮಾಹಿತಿಗಾಗಿ.
3. ಗುಮಾಸ್ತ ಅಂಬ್ರಪ್ಪ: ಗುರುವಾರ ಬಸ್ಸಿನಲ್ಲಿ ಹಜರಾಬೀ ಇವರ ಚೀಲ ಹಿಡಿಯಲು, ಎಡಗೈಯಲ್ಲಿ.
4. ಹಜರಾಬೀ: ಓದಿ ಹೇಳತಕ್ಕದ್ದು. ಕೈಗೆ ಕೊಟ್ಟು ಹಿಡಿ ಎನ್ನತಕ್ಕದ್ದಲ್ಲ.