ಗೊಂಬೆಯ ಜಾಗದಲ್ಲಿ ಕನಸಪ್ಪ

ಆ ದಿನ ಬರಬೇಕಾಗಿದ್ದ ಗೊಂಬೆ ಬಂದಿದ್ದರೆ ಕನಸಪ್ಪನಿಗೆ ಏನೂ ಆಗುತ್ತಿರಲಿಲ್ಲ. ಅದೊಂದು ಆಳೆತ್ತರದ ರಬ್ಬರ್ ಗೊಂಬೆ. ಎಳೆದರೂ ಸುಮ್ಮನಿರುತ್ತದೆ, ಹೊರಳಿಸಿದರೂ ಸುಮ್ಮನಿರುತ್ತದೆ, ಏನು ಮಾಡಿದರೂ ಬಾಯಿ ಬಿಡುವುದಿಲ್ಲ. ಡಿಪೋದ ಡ್ರೈವರುಗಳಿಗೆ ಪ್ರಥಮ ಚಿಕಿತ್ಸೆ ಕಲಿಸಲು ಬಂದ ನರ್ಸಮ್ಮ ಅದನ್ನು ಹಿಂದಿನ ದಿನವೇ ಬಸ್ಸಿನಲ್ಲಿ ಕಳಿಸಿದ್ದರು. ಇಳಿಸಬೇಕಾದವರು ಮರೆತರು, ಗೊಂಬೆ ಕಿಟಕಿ ಪಕ್ಕದ ಸೀಟಿನಲ್ಲಿ ಆರಾಮಾಗಿ ಕೂತು ಮುಂದಿನ ಊರಿಗೆ ಹೋಗಿಬಿಟ್ಟಿತು.

ಕನಸಪ್ಪ ಎಂಬುದು ಅವನ ನಿಜವಾದ ಹೆಸರಲ್ಲ. ಸಿಗ್ನಲ್ ಹಸಿರಾದ ಮೇಲೂ ಸ್ಟೀರಿಂಗಿಗೆ ಗದ್ದ ಊರಿ ಮೋಡ ನೋಡುತ್ತ ಕೂತಿರುತ್ತಾನೆಂದು ಕಂಡಕ್ಟರ್ ಇಟ್ಟ ಹೆಸರು. ಈಗ ಸಿಟ್ಟು ಬಂದಾಗ ಹೆಂಡತಿಯೂ ಅದನ್ನೇ ಹಿಡಿದು ಕರೆಯುತ್ತಾಳೆ. ಅವನ ಬಸ್ಸು ಓಡುವುದು ಮಾರ್ಕೆಟ್ಟಿನಿಂದ ಸಿಮೆಂಟ್ ಕಾರ್ಖಾನೆಗೆ, ಕಾರ್ಖಾನೆಯಿಂದ ಮಾರ್ಕೆಟ್ಟಿಗೆ. ಹೋಗುವಾಗಲೂ ಧೂಳು, ಬರುವಾಗಲೂ ಧೂಳು. ಮನೆಗೆ ಬಂದು ತಲೆ ಕೊಡವಿದರೆ ಒಂದು ಗೋಡೆಗೆ ಸಾಕಾಗುವಷ್ಟು ಸಿಮೆಂಟು ಉದುರುತ್ತದೆ ಎನ್ನುವುದು ಹೆಂಡತಿಯ ದೂರು.

ಅಂಥವನ ಕಣ್ಣು ಹೊಸ ನೀಲಿ ಬಸ್ಸಿನ ಮೇಲೆ ಬಿದ್ದಿತ್ತು. ಅದು ಸಮುದ್ರದ ದಂಡೆಯ ಊರಿಗೆ ಹೊರಡಲಿದ್ದ ಬಸ್ಸು. ಕನಸಪ್ಪ ಹುಟ್ಟಿದಾಗಿನಿಂದ ಸಮುದ್ರ ನೋಡಿರಲಿಲ್ಲ, ಅವನ ಹೆಂಡತಿಯೂ ನೋಡಿರಲಿಲ್ಲ. ಮದುವೆಯಾದ ಹೊಸದರಲ್ಲಿ "ನಿನ್ನನ್ನ ಸಮುದ್ರಕ್ಕೆ ಕರ್ಕೊಂಡು ಹೋಗ್ತೀನಿ" ಎಂದು ಮಾತು ಕೊಟ್ಟಿದ್ದ. ಆ ಮಾತು ಇನ್ನೂ ಮಾತಾಗಿಯೇ ಉಳಿದಿತ್ತು. ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಬಲಗಡೆ ನೀರು ಮಿನುಗುತ್ತಿರುವ ರಸ್ತೆಯಲ್ಲಿ ತಾನೇ ಬಸ್ಸು ಓಡಿಸುವುದನ್ನು ಅವನು ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿ ಎಷ್ಟು ಸಲ ಕಂಡಿದ್ದನೋ ಲೆಕ್ಕವಿಲ್ಲ.

ಆದರೆ ಮ್ಯಾನೇಜರು ಖಡಾಖಂಡಿತವಾಗಿ ಹೇಳಿದ್ದರು: "ಆ ದಾರೀಲಿ ಬರೀ ತಿರುವು. ಆಸ್ಪತ್ರೆ ಇರೋದು ಕೊನೇ ಊರಲ್ಲಿ ಮಾತ್ರ. ಪ್ರಥಮ ಚಿಕಿತ್ಸೆ ಕಲ್ತು ಬಿಲ್ಲೆ ಹಾಕ್ಕೊಂಡೋನಿಗೇ ಬಸ್ಸು. ಮಧ್ಯಾಹ್ನ ಕ್ಲಾಸು ಮುಗೀತಿದ್ದ ಹಾಗೆ ಮೊದಲನೇ ಟ್ರಿಪ್ಪು."

"ಇವತ್ತಾದ್ರೂ ಕಣ್ಣು ಬಿಟ್ಕೊಂಡು ಪಾಠ ಕೇಳಿ ರೀ," ಎಂದು ಹೆಂಡತಿ ಬೆಳಿಗ್ಗೆ ಅಂಗಿಯ ಗುಂಡಿ ಹಾಕುತ್ತಲೇ ಎಚ್ಚರಿಸಿದ್ದಳು. ಅವನು ಹೂಂ ಅಂದಿದ್ದ.

ಕ್ಲಾಸು ನಡೆದದ್ದು ಟೈರು ಪೇರಿಸಿಟ್ಟ ಕೋಣೆಯಲ್ಲಿ. "ರಸ್ತೇಲಿ ಬಿದ್ದೋರ ಹತ್ರ ಮೊದ್ಲು ಬರೋದು ಡಾಕ್ಟ್ರಲ್ಲ, ಡ್ರೈವರು," ಎಂದು ನರ್ಸಮ್ಮ ಶುರು ಮಾಡಿದರು. "ಆಸ್ಪತ್ರೆ ಮುಟ್ಟೋ ಮೊದ್ಲೇ ಹೋಗ್ಬಿಡೋರನ್ನ ನಾನು ನೋಡಿದೀನಿ. ಗಾಯ ದೊಡ್ಡದಿತ್ತು ಅಂತಲ್ಲ, ಒತ್ತಿ ಹಿಡಿಯೋ ಒಂದು ಕೈ ಇರ್ಲಿಲ್ಲ ಅಂತ." ಇದನ್ನು ಹೇಳುವಾಗ ಅವರ ದನಿ ಸ್ವಲ್ಪ ತಗ್ಗಿತು. ಕನಸಪ್ಪನ ಕಿವಿಗೆ ಬಿದ್ದದ್ದು "ರಸ್ತೇಲಿ" ಎಂಬುದಷ್ಟೇ. ಆಮೇಲೆ ತಲೆಯ ಮೇಲಿನ ಹಳೆಯ ಫ್ಯಾನು ಬುಸ್ಸೆಂದು ಬರುತ್ತ, ಬುಸ್ಸೆಂದು ಹೋಗುತ್ತ, ಥೇಟ್ ಅಲೆಗಳ ಹಾಗೆ ಕೇಳತೊಡಗಿತ್ತು.

ಅವನು ದಂಡೆಗೆ ಮರಳಿದ್ದು, "ಗೊಂಬೆ ಬಂದಿಲ್ಲ, ಯಾರಾದ್ರೂ ಮಲಗ್ತೀರಾ?" ಎಂಬ ನರ್ಸಮ್ಮನ ಪ್ರಶ್ನೆಗೆ.

ಕನಸಪ್ಪನ ಕೈ ತಾನಾಗಿಯೇ ಮೇಲೆದ್ದಿತು. ಮಲಗಿದವನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ. ಕೊನೆಗೆ ಎಲ್ಲರ ಜೊತೆ ತನಗೂ ಒಂದು ಬಿಲ್ಲೆ ಬಿದ್ದೇ ಬೀಳುತ್ತದೆ. ಇಷ್ಟು ಸುಲಭದ ದಾರಿ ಬೇರೆಯವರಿಗೆ ಹೊಳೆಯಲಿಲ್ಲವಲ್ಲ ಎಂದು ಅವನಿಗೆ ಒಳಗೊಳಗೇ ನಗು ಬಂತು.

ಅಂಗಳದಲ್ಲಿ ನೀಲಿ ಬಸ್ಸಿನ ಪಕ್ಕ, ಮರದ ನೆರಳಿನಲ್ಲಿ ಅವನನ್ನು ಮಲಗಿಸಿದರು. ಪಕ್ಕದಲ್ಲೊಂದು ಸೈಕಲ್ಲು ಕೆಡವಿಟ್ಟರು. "ನೀವು ಸೈಕಲ್ಲಿಂದ ಬಿದ್ದಿದ್ದೀರ, ಪ್ರಜ್ಞೆ ಇಲ್ಲ," ಎಂದರು ನರ್ಸಮ್ಮ. "ಕಣ್ಣು ಬಿಡಬಾರದು, ಮಾತಾಡಬಾರದು. ಆಗುತ್ತಾ?"

"ಅದೊಂದು ನಂಗೆ ಹುಟ್ಟಿನಿಂದಲೇ ಬಂದಿದೆ ಸಿಸ್ಟರ್."

ಅಷ್ಟರಲ್ಲಿ ಆಫೀಸಿನಿಂದ ಕರೆ ಬಂತು. ಗೊಂಬೆ ಯಾವುದೋ ಊರಿನ ಪೊಲೀಸ್ ಠಾಣೆಯಲ್ಲಿ ಸಿಕ್ಕಿದೆಯಂತೆ, ಟಿಕೆಟ್ ಕೇಳಿದರೆ ಉತ್ತರ ಕೊಡಲಿಲ್ಲವೆಂದು ಒಪ್ಪಿಸಿದ್ದಾರಂತೆ. "ನಾನು ಬರೋವರೆಗೆ ಯಾರೂ ಅವರನ್ನ ಮುಟ್ಟಬೇಡಿ," ಎಂದು ಹೇಳಿ ನರ್ಸಮ್ಮ ಫೋನಿಗೆ ಓಡಿದರು.

ಮುಟ್ಟಬೇಡಿ ಅಂದರೆ ಸುಮ್ಮನಿರುವ ಜಾತಿಯೇ ಅಲ್ಲ ಅಲ್ಲಿದ್ದದ್ದು. ಖಾಲಿ ರಸ್ತೆಯಲ್ಲೂ ಹಾರ್ನು ಬಾರಿಸುವ ಡ್ರೈವರೊಬ್ಬನಿದ್ದ, ಎಲ್ಲರೂ ಅವನನ್ನು ಪೋಂಪೋಂ ಎನ್ನುತ್ತಿದ್ದರು. ನೀಲಿ ಬಸ್ಸಿನ ಮೇಲೆ ಅವನಿಗೂ ಕಣ್ಣಿತ್ತು. "ಸಿಸ್ಟರ್ ಬರೋಷ್ಟರಲ್ಲಿ ನಾವೇ ಮಾಡಿ ಮುಗಿಸೋಣ," ಎಂದು ತೋಳು ಮಡಚಿದ. "ಮೊದಲನೇ ಬಿಲ್ಲೆ ನಂದೇ."

ಇತ್ತ ಕನಸಪ್ಪ ನಿಜವಾಗಿ ನಿದ್ದೆ ಹೋಗಿದ್ದ. ನೆಲ ಬೆಚ್ಚಗಿತ್ತು. ಎಲೆಗಳ ಸಂದಿಯಿಂದ ಬಿಸಿಲು ರೆಪ್ಪೆಯ ಮೇಲೆ ಆಡುತ್ತಿತ್ತು. ಅವನು ಮರಳಿನ ಮೇಲೆ ಕೂತಿದ್ದ, ಪಕ್ಕದಲ್ಲಿ ಹೆಂಡತಿ ಸೀರೆಯ ನೆರಿಗೆ ಎತ್ತಿ ಹಿಡಿದು ನೀರಿಗೆ ಕಾಲಿಡಲೋ ಬೇಡವೋ ಎಂದು ನಿಂತಿದ್ದಳು. ಅಷ್ಟರಲ್ಲಿ ದೊಡ್ಡ ಅಲೆಯೊಂದು ಬಂದು ಅವನ ಮುಖಕ್ಕೇ ಅಪ್ಪಳಿಸಿತು. ರೇಡಿಯೇಟರಿಗೆ ಹಾಕುವ ಕ್ಯಾನಿನಿಂದ ಕಂಡಕ್ಟರ್ ನೀರು ಸುರಿದಿದ್ದ.

"ಎಚ್ಚರ ಆಗ್ತಿಲ್ಲ. ಟೀ ಕುಡಿಸೋಣ," ಎಂದ ಪೋಂಪೋಂ.

ಸಮುದ್ರದ ನೀರು ಇಷ್ಟು ಸಿಹಿಯೆಂದು ಕನಸಪ್ಪನಿಗೆ ಗೊತ್ತಿರಲಿಲ್ಲ. ಅರ್ಧ ಮೂಗಿಗೆ ಹೋಗಿ ಕೆಮ್ಮಿದ.

ಮೆಕ್ಯಾನಿಕ್ಕು ಹಗ್ಗ ತಂದು ಅವನ ತೊಡೆಗೆ ಬಿಗಿಯತೊಡಗಿದ. "ಯಾಕೋ?" ಎಂದು ಕಂಡಕ್ಟರ್ ಕೇಳಿದ.

"ರಕ್ತ ನಿಲ್ಲೋಕೆ."

"ರಕ್ತ ಎಲ್ಲಿದೆ?"

"ಬಂದ ಮೇಲೆ ಒದ್ದಾಡೋದಕ್ಕಿಂತ ಮೊದ್ಲೇ ಕಟ್ಟಿಬಿಡೋದು ವಾಸಿ."

ಕನಸಪ್ಪ ಒಂದಿಷ್ಟೇ ಕಣ್ಣು ತೆರೆದ. ಸುತ್ತಲೂ ಬೂಟು, ಮೊಣಕಾಲು. ಅವುಗಳ ಮೇಲೆ ಆಕಾಶಕ್ಕೆ ಅಂಟಿಸಿದಂತೆ ಒಂದಷ್ಟು ಮುಖಗಳು. ಎಲ್ಲರೂ ಮಾತಾಡುತ್ತಿದ್ದರು, ಅವನ ಜೊತೆ ಮಾತ್ರ ಒಬ್ಬರೂ ಮಾತಾಡುತ್ತಿರಲಿಲ್ಲ. ನಿಜವಾಗಿ ಬಿದ್ದವನಿಗೂ ಜನ ಹೀಗೇ ಕಾಣಬಹುದೆಂದು ಹೊಳೆದು ಅವನಿಗೆ ತುಂಬ ಭಯವಾಯಿತು. ಎದ್ದು ಕೂತುಬಿಡೋಣ ಅನ್ನಿಸಿತು. ಆದರೆ ಎದ್ದರೆ ಬಿಲ್ಲೆ ಹೋಯಿತು, ಬಿಲ್ಲೆ ಹೋದರೆ ಸಮುದ್ರ ಹೋಯಿತು. ಮತ್ತೆ ಕಣ್ಣು ಮುಚ್ಚಿದ.

"ಆಸ್ಪತ್ರೆಗೆ ಸಾಗಿಸೋಣ, ಎತ್ರೋ," ಎಂದ ಪೋಂಪೋಂ. ಅವನು ಕಾಲು ಹಿಡಿದ, ಮೆಕ್ಯಾನಿಕ್ಕು ಕಂಕುಳಿಗೆ ಕೈ ಹಾಕಿದ. ಕನಸಪ್ಪ ತೂಗಾಡುತ್ತ ನೀಲಿ ಬಸ್ಸಿನ ಕಡೆ ಹೊರಟ. ಒಂದು ಗಳಿಗೆ ಅದು ದೋಣಿಯಲ್ಲಿ ಹೋದ ಹಾಗೆ ಹಿತವಾಗಿಯೇ ಇತ್ತು. ಕಂಡಕ್ಟರ್ ಮುಂದೆ ನಿಂತು "ಬರ್ಲಿ, ಬರ್ಲಿ" ಎಂದು ದಾರಿ ತೋರಿಸುತ್ತಿದ್ದವನು, ಬಾಗಿಲು ಸಿಕ್ಕಿದ್ದೇ ತಡ ಅಭ್ಯಾಸಬಲದಿಂದ ಸೀಟಿ ಊದಿಬಿಟ್ಟ.

ಸೀಟಿ ಕೇಳಿದ ಕೂಡಲೇ ಪೋಂಪೋಂನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯಿತು, ಕೈ ಇಲ್ಲದ ಗೇರಿಗೆ ಹೋಯಿತು. ಆ ಕೈಯಲ್ಲಿ ಇದ್ದದ್ದು ಕನಸಪ್ಪನ ಕಾಲು. ಸೀಟಿಯ ಅಭ್ಯಾಸವಿಲ್ಲದ ಮೆಕ್ಯಾನಿಕ್ಕು ಮಾತ್ರ ಮುಂದಕ್ಕೆ ತಳ್ಳುತ್ತಲೇ ಇದ್ದ. ಬಸ್ಸಿನ ಕಬ್ಬಿಣದ ಮೆಟ್ಟಿಲಿಗೆ ಕಾಲು ಬಡಿದ ಸದ್ದು ಟೈರಿನ ಕೋಣೆಯವರೆಗೂ ಕೇಳಿಸಿತು.

"ಅಯ್ಯಯ್ಯೋ, ಕಾಲು ಮುರೀತು," ಎಂದು ಕನಸಪ್ಪ ಕಿರುಚಿದ.

"ಪ್ರಜ್ಞೆ ಇಲ್ಲದೋನು ಮಾತಾಡಬಾರದು ಮಾರಾಯ," ಎಂದ ಕಂಡಕ್ಟರ್.

"ನಿಜವಾಗ್ಲೂ ಮುರಿದಿದೆ ಕಣ್ರೋ."

"ಎಷ್ಟು ಚೆನ್ನಾಗಿ ಮಾಡ್ತಾನೆ ನೋಡು," ಎಂದು ಮೆಕ್ಯಾನಿಕ್ಕು ಮೆಚ್ಚಿಕೊಂಡ. ಬಂದು ನಿಂತಿದ್ದ ಮ್ಯಾನೇಜರು ಚಪ್ಪಾಳೆಯನ್ನೂ ತಟ್ಟಿದರು.

ನರ್ಸಮ್ಮ ಓಡಿ ಬಂದು ನೋಡುವಷ್ಟರಲ್ಲಿ ಪಾದ ಊದಿ ಬನ್ನಿನ ಹಾಗಾಗಿತ್ತು. ಅವರು ಮೊದಲು ತೊಡೆಯ ಹಗ್ಗ ಬಿಚ್ಚಿಸಿದರು. ಆಮೇಲೆ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ಬೈದಿದ್ದರೆ ಎಷ್ಟೋ ಮೇಲಾಗಿತ್ತು. "ಇವರು ನಿಜವಾಗ್ಲೂ ಸೈಕಲ್ಲಿಂದ ಬಿದ್ದಿದ್ರೆ ಏನಾಗ್ತಿತ್ತು ಗೊತ್ತಾ?" ಎಂದರು. "ಪ್ರಜ್ಞೆ ಇಲ್ಲದೋರ ಬಾಯಿಗೆ ನೀರು ಹಾಕಿದ್ರೆ ಅದು ಉಸಿರಿನ ದಾರಿಗೆ ಹೋಗುತ್ತೆ. ಕುತ್ತಿಗೆಗೆ ಪೆಟ್ಟಾಗಿದ್ದು ಹೀಗೆ ತೂಗಾಡ್ಸಿದ್ರೆ ಅವರು ಮತ್ತೆ ಏಳ್ತಿರಲಿಲ್ಲ. ಈಗ ಎಲ್ಲರೂ ಕೂತ್ಕೊಳ್ಳಿ."

ಮುರಿದ ಕಾಲನ್ನು ಇದ್ದ ಹಾಗೇ ಇಟ್ಟು, ರಟ್ಟಿನ ಪಟ್ಟಿ ಕೊಟ್ಟು ಮೆತ್ತಗೆ ಕಟ್ಟುವುದನ್ನು ಅವರು ಪೋಂಪೋಂ ಕೈಯಿಂದಲೇ ಮಾಡಿಸಿದರು. ಗಾಯ ಒತ್ತಿ ಹಿಡಿಯುವುದು, ಹೆಸರು ಹಿಡಿದು ಮಾತಾಡಿಸುತ್ತ ಧೈರ್ಯ ಹೇಳುವುದು, ಅಪಾಯವಿಲ್ಲದ ಕಡೆ ಬಿದ್ದವರನ್ನು ಅಲುಗಿಸದೆ ಇರುವುದು, ಎಲ್ಲವನ್ನೂ ಕನಸಪ್ಪನ ಮೇಲೆಯೇ ಕಲಿಸಿದರು. ಎಲ್ಲರೂ ಚೆನ್ನಾಗಿ ಕಲಿತರು. ಮುಗಿದ ಮೇಲೆ ನರ್ಸಮ್ಮ ಎಲ್ಲರ ಅಂಗಿಗೂ ಬಿಲ್ಲೆ ಚುಚ್ಚಿದರು.

"ನಂದು?" ಎಂದ ಮಲಗಿದ್ದವನು.

ನರ್ಸಮ್ಮನಿಗೆ ನಿಜವಾಗಿಯೂ ಕಷ್ಟವಾಯಿತು. "ನೀವು ಯಾರಿಗೂ ಚಿಕಿತ್ಸೆ ಮಾಡ್ಲಿಲ್ವಲ್ಲ ಅಣ್ಣಾ. ಗೊಂಬೆಗೆ ಬಿಲ್ಲೆ ಕೊಡೋಕೆ ಬರಲ್ಲ."

ಹೀಗೆ ನೀಲಿ ಬಸ್ಸು ಪೋಂಪೋಂನ ಪಾಲಾಯಿತು. ಮೂಳೆ ಕೂಡಿಸುವ ಆಸ್ಪತ್ರೆ ಇದ್ದದ್ದೂ ಆ ಬಸ್ಸು ಹೋಗುವ ಕೊನೆಯ ಊರಿನಲ್ಲೇ. ಆದ್ದರಿಂದ ಅದರ ಮೊದಲ ಟ್ರಿಪ್ಪಿನ ಮೊದಲ ಪ್ರಯಾಣಿಕನಾಗಿ ಕನಸಪ್ಪನನ್ನು ಹಿಂದಿನ ಉದ್ದ ಸೀಟಿನ ಮೇಲೆ, ಒಂದು ಚೂರೂ ಅಲುಗದಂತೆ, ಬಹಳ ಶಾಸ್ತ್ರೋಕ್ತವಾಗಿ ಮಲಗಿಸಿದರು. ಕಂಡಕ್ಟರ್, ಮೆಕ್ಯಾನಿಕ್ಕು ಸೇರಿದಂತೆ ಬಿಲ್ಲೆ ಹಾಕಿಕೊಂಡ ನಾಲ್ಕೈದು ಜನರೂ ಜೊತೆಗೆ ಹತ್ತಿದರು. ಸುದ್ದಿ ತಿಳಿದು ಓಡಿ ಬಂದ ಹೆಂಡತಿ ಅವನ ತಲೆಯ ಹತ್ತಿರ, ಕಿಟಕಿಯ ಪಕ್ಕ ಕೂತಳು.

"ಕಣ್ಣು ಬಿಟ್ಕೊಂಡಿರಿ ಅಂದಿದ್ದೆ," ಎಂದಳು.

"ಮುಚ್ಕೊಂಡಿರಿ ಅಂತ ಅವರು ಹೇಳಿದ್ರು."

ಅರ್ಧ ದಾರಿಯಲ್ಲಿ ಬಸ್ಸು ಗಕ್ಕನೆ ನಿಂತಿತು. ಮೊಪೆಡ್ಡಿನಿಂದ ಬಿದ್ದ ಅಂಚೆಯವನ ಮುಂಗೈ ಸೀಳಿ ರಕ್ತ ಚಿಮ್ಮುತ್ತಿತ್ತಂತೆ. ಸುತ್ತ ನಿಂತವರಲ್ಲಿ ಒಬ್ಬ ನೀರು ಹಿಡಿದಿದ್ದ, ಇನ್ನೊಬ್ಬ ಹಗ್ಗ. "ನೀರೂ ಬೇಡ, ಹಗ್ಗಾನೂ ಬೇಡ, ಪಕ್ಕಕ್ಕೆ ಸರೀರಿ," ಎಂಬ ಪೋಂಪೋಂನ ದನಿ ಕನಸಪ್ಪನಿಗೆ ಮಲಗಿದಲ್ಲಿಗೇ ಕೇಳಿಸಿತು. ಅಂಥ ಮೆತ್ತಗಿನ ದನಿ ಅವನಿಗೂ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಂಚೆಯವನು ಕೈ ಮೇಲೆತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದ. ಕಂಡಕ್ಟರ್ ಬಟ್ಟೆಯ ಮೇಲೆ ಅಂಗೈ ಒತ್ತಿ ಹಿಡಿದಿದ್ದ, ಬಿಡಲೇ ಇಲ್ಲ.

"ಬೆಳಿಗ್ಗೆ ನಿನ್ನ ಮೇಲೆ ಇಷ್ಟೆಲ್ಲ ತಪ್ಪು ಮಾಡ್ದೆ ಹೋಗಿದ್ರೆ ಇವನ ಮೇಲೆ ಮಾಡಿರ್ತಿದ್ವು ಮಾರಾಯ," ಎಂದು ಕಂಡಕ್ಟರ್ ಅಲ್ಲಿಂದಲೇ ಕೂಗಿ ಹೇಳಿದ. ಕಾಲು ಮುರಿದದ್ದಕ್ಕೂ ಒಂದು ಅರ್ಥವಿತ್ತು ಎಂದು ಒಂದು ಮೈಲಿಯವರೆಗೆ ಕನಸಪ್ಪ ಸುಖವಾಗಿದ್ದ.

ಅಷ್ಟರಲ್ಲಿ ಬಸ್ಸು ತಿರುವು ತೆಗೆದುಕೊಂಡಿತು. ಗಾಳಿಯ ವಾಸನೆ ಬದಲಾಯಿತು. ಬಸ್ಸಿನ ಒಳಚಾವಣಿಗೆ ಎಲ್ಲಿಂದಲೋ ಚಿನ್ನದ ಬಣ್ಣದ ಬೆಳಕು ಬಂದು ತೇಲಾಡತೊಡಗಿತು. ಟೈರಿನ ಕೋಣೆಯ ಫ್ಯಾನು ಮಾಡುತ್ತಿದ್ದ ಸದ್ದು ಈಗ ಹೊರಗಿನಿಂದ ಬರುತ್ತಿತ್ತು, ಬಹಳ ದೊಡ್ಡದಾಗಿ, ಅವಸರವಿಲ್ಲದೆ.

ಕನಸಪ್ಪ ಮೊಣಕೈ ಊರಿ ತಲೆ ಎತ್ತಿದ.

"ಅಲುಗಾಡಬೇಡ," ಎಂದು ಬಿಲ್ಲೆ ಹಾಕಿಕೊಂಡವರೆಲ್ಲ ಒಟ್ಟಿಗೇ ಗದರಿದರು. ಕನ್ನಡಿಯಲ್ಲಿ ನೋಡುತ್ತಿದ್ದ ಪೋಂಪೋಂ ಒಂದು ಹಾರ್ನು ಕೂಡ ಬಾರಿಸಿದ. ಮೆಕ್ಯಾನಿಕ್ಕು ಬಂದು ಅವನ ಎರಡೂ ಭುಜ ಹಿಡಿದು ಮೆತ್ತಗೆ, ನರ್ಸಮ್ಮ ಕಲಿಸಿದ ಹಾಗೇ, ಸೀಟಿಗೆ ಒರಗಿಸಿದ.

"ಸಮುದ್ರ ಬಂತೇನೋ?"

"ಬಂತು."

"ಹೇಗಿದೆ?"

ಮೆಕ್ಯಾನಿಕ್ಕು ಬಗ್ಗಿ ಕಿಟಕಿಯಾಚೆ ನೋಡಿದ. "ನೀರಿದೆ ಮಾರಾಯ. ತುಂಬಾ ನೀರು."

ಇವನನ್ನು ಕೇಳಿ ಉಪಯೋಗವಿಲ್ಲವೆಂದು ಕನಸಪ್ಪ ಹೆಂಡತಿಯ ಕಡೆ ಕಣ್ಣು ತಿರುಗಿಸಿದ. ಅವಳು ಗದ್ದವನ್ನು ಕಿಟಕಿಯ ಕಂಬಿಗೆ ಊರಿದ್ದಳು. ಆ ತೇಲಾಡುವ ಬೆಳಕು ಅವಳ ಕೆನ್ನೆಯ ಮೇಲೂ ಬಿದ್ದಿತ್ತು. ಕೊಟ್ಟ ಮಾತು ಅಂತೂ ನಡೆದುಹೋಗಿತ್ತು.

"ನೀನಾದ್ರೂ ಹೇಳೇ," ಎಂದ ಮೆಲ್ಲಗೆ. "ಹೇಗಿದೆ?"

ಅವಳು ಕಿಟಕಿಯತ್ತ ಇನ್ನಷ್ಟು ಬಾಗಿದಳು. ಮತ್ತೆ ಕೇಳಿದ. ಅವಳು ತಿರುಗದೆಯೇ, ಎಲ್ಲೋ ದೂರದಿಂದ ಮಾತಾಡುವವಳ ಹಾಗೆ ಹೇಳಿದಳು:

"ಮಾತಾಡಿಸಬೇಡಿ ರೀ, ನೋಡ್ತಿದೀನಿ."